ಅಜ್ಜಿಯ ಚೊಂಬು ನೀರು

ಕಳೆದ ತಿಂಗಳು ಒಂಬತ್ತನೇ ತರಗತಿಯಲ್ಲಿ ಪಾಠ ಮುಗಿದು, ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷ ಬಾಕಿ ಇತ್ತು. ಇಂಥ ಹತ್ತು ನಿಮಿಷ ಸಿಕ್ಕಾಗ ಪುಸ್ತಕದಾಚೆಯ ಪ್ರಶ್ನೆಯೊಂದನ್ನು ಕೇಳುವುದು ನನ್ನ ಹಳೆಯ ಚಾಳಿ. ಅಂದು ಕೇಳಿದೆ: ‘ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ ಶುರುವಾಗಿದೆ. ನೀರು ಕುಡಿಸಬೇಕೋ, ನಿಲ್ಲಿಸಬೇಕೋ?’

ಹೆಚ್ಚಿನವರು ‘ಕುಡಿಸಬೇಕು’ ಎಂದರು. ಐದಾರು ಮಕ್ಕಳು ಮಾತ್ರ ‘ನಿಲ್ಲಿಸಬೇಕು’ ಎಂದು ಕೈ ಎತ್ತಿದರು. ಕಾರಣ ಕೇಳಿದರೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ನೀರು ಕುಡಿದಷ್ಟೂ ಜಾಸ್ತಿ ಹೋಗುತ್ತಲ್ಲ ಸಾರ್’ ಎಂದ. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ಹುಡುಗ ಆಡಿದ ಮಾತನ್ನೇ ಸುಮಾರು ಎಂಬತ್ತು ವರ್ಷಗಳ ಹಿಂದೆ ನಮ್ಮ ಮನೆಯ ಪಡಸಾಲೆಯಲ್ಲಿ ಯಾರೋ ಹಿರಿಯರು ಆಡಿದ್ದರು. ಅದನ್ನು ನಂಬಿದವಳು ನನ್ನ ಅಜ್ಜಿ.

ಈ ವಾರದ ಅಂಕಣ ಅವಳಿಗೆ ಮೀಸಲು. ವಿಜ್ಞಾನದ ಅಂಕಣದಲ್ಲಿ ಅಜ್ಜಿಯ ಕಥೆ ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೊನೆಯವರೆಗೆ ಓದಿ. ಆಮೇಲೂ ಆ ಪ್ರಶ್ನೆ ಉಳಿದರೆ ತಪ್ಪು ನನ್ನದು.

ಕನ್ನಂಬಾಡಿ ಕಾಲದವಳು

ಅಜ್ಜಿಗೆ ತನ್ನ ಹುಟ್ಟಿದ ದಿನ ಗೊತ್ತಿರಲಿಲ್ಲ. ‘ಕನ್ನಂಬಾಡಿ ಕಟ್ಟೆ ಕಟ್ಟೋವಾಗ ಹುಟ್ಟಿದ್ದು’ ಎನ್ನುತ್ತಿದ್ದಳು. ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಎರಡು ದಶಕ ನಡೆದಿದ್ದರಿಂದ ಆ ಲೆಕ್ಕದಿಂದ ನಮಗೆ ಹೆಚ್ಚು ಪ್ರಯೋಜನವಾಗುತ್ತಿರಲಿಲ್ಲ. ಮದುವೆಯ ವರ್ಷ ಮಾತ್ರ ಖಚಿತ. ಮೈಸೂರಿನಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದೇ ವರ್ಷ ಅವಳು ಸೊಸೆಯಾಗಿ ಚಿಕ್ಕರಸಿನಕೆರೆಗೆ ಬಂದಳು.

ಬಂದ ಮನೆಯಲ್ಲಿ ಹನ್ನೊಂದು ಜನ. ಕೋಳಿ ಕೂಗುವ ಮುಂಚೆ ರಾಗಿ ಬೀಸುವುದು, ಕೊಟ್ಟಿಗೆ ಬಾಚುವುದು, ಮುದ್ದೆ ತೊಳೆಸುವುದು, ಹೊಲಕ್ಕೆ ಬುತ್ತಿ ಹೊರುವುದು. ಇದರಲ್ಲಿ ವಿಶೇಷವೇನಿಲ್ಲ, ಆ ಕಾಲದ ಎಲ್ಲ ಹೆಣ್ಣುಮಕ್ಕಳೂ ಇದನ್ನು ಮಾಡಿದವರೇ. ಅಜ್ಜಿಯ ವಿಶೇಷವೆಂದರೆ ತನ್ನ ಮನೆ ಎಲ್ಲಿ ಮುಗಿಯುತ್ತದೆ, ಪಕ್ಕದ ಮನೆ ಎಲ್ಲಿ ಶುರುವಾಗುತ್ತದೆ ಎಂಬುದು ಅವಳಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಬಿಸಿನೀರಿನ ಹಂಡೆಯ ಮುಂದೆ ಅಜ್ಜಿ. ಯಾರ ಮನೆಯಲ್ಲಿ ಸಾವಾದರೂ ಆ ಮನೆಯ ಮಕ್ಕಳಿಗೆ ನಮ್ಮ ಮನೆಯಲ್ಲಿ ಊಟ. ಹೊಲದ ಕೆಲಸಕ್ಕೆ ಊರಿನಲ್ಲಿ ಮುಯ್ಯಾಳಿನ ಪದ್ಧತಿ ಇತ್ತು: ಇವತ್ತು ನೀವು ನಮಗೆ, ನಾಳೆ ನಾವು ನಿಮಗೆ. ಅಜ್ಜಿ ಮುಯ್ಯಿಗೆ ಹೋಗುತ್ತಿದ್ದಳು, ತಿರುಗಿ ಬರಬೇಕಾದ ಆಳಿನ ಲೆಕ್ಕ ಇಡುತ್ತಿರಲಿಲ್ಲ. ಅಜ್ಜ ಇದಕ್ಕಾಗಿ ಗೊಣಗುತ್ತಿದ್ದುದು ನನಗೆ ನೆನಪಿದೆ.

ಅವಳಿಗೆ ಒಬ್ಬ ಜೊತೆಗಾತಿ ಇದ್ದಳು. ಅದೇ ವರ್ಷ ನಾಲ್ಕು ಮನೆ ಆಚೆಗೆ ಸೊಸೆಯಾಗಿ ಬಂದವಳು. ಇಬ್ಬರೂ ಕೂಡಿ ಕಳೆ ಕಿತ್ತವರು, ಕೂಡಿ ಹೆತ್ತವರು. ಅವರೆಕಾಯಿಯ ಕಾಲದಲ್ಲಿ ಸಂಜೆ ನಮ್ಮ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತ ಕುಳಿತರೆ, ದೀಪ ಹಚ್ಚುವ ಹೊತ್ತಾದರೂ ಏಳುತ್ತಿರಲಿಲ್ಲ. ಕಾಲಭೈರವೇಶ್ವರ ಸ್ವಾಮಿಯ ಬಸಪ್ಪ ಬೀದಿಗೆ ಬಂದಾಗ ಮಾತ್ರ ಇಬ್ಬರೂ ಓಡಿಹೋಗಿ ಬಿಂದಿಗೆ ನೀರು ತಂದು ಬಸಪ್ಪನ ಪಾದ ತೊಳೆಯುತ್ತಿದ್ದರು. ‘ನೀನು ಬೇಡಿಕೊಂಡಿದ್ದೇನು?’ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು, ಇಬ್ಬರೂ ಹೇಳುತ್ತಿರಲಿಲ್ಲ.

ಎಡೆಯ ಪಕ್ಕದ ಚೊಂಬು

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದು ನಮ್ಮ ಕಡೆಯ ದೊಡ್ಡ ಹಬ್ಬ. ಸತ್ತವರಿಗೆ ಇಷ್ಟವಾದ ತಿಂಡಿಯೆಲ್ಲ ಬಾಳೆಲೆಯ ಮೇಲೆ ಬರುತ್ತದೆ. ನಮ್ಮ ಮನೆಯಲ್ಲಿ ಆ ಎಲೆಗಳ ಸಾಲಿನಿಂದ ಸ್ವಲ್ಪ ದೂರದಲ್ಲಿ, ಗೋಡೆಯ ಪಕ್ಕ, ಅಜ್ಜಿ ಒಂದು ಹಿತ್ತಾಳೆ ಚೊಂಬಿನ ತುಂಬ ನೀರು ಇಡುತ್ತಿದ್ದಳು. ಅದರ ಮುಂದೆ ಎಲೆ ಇಲ್ಲ, ತಿಂಡಿ ಇಲ್ಲ. ಬರೀ ನೀರು.

‘ಅದು ಯಾರ್ಗಜ್ಜಿ?’ ಎಂದು ಒಮ್ಮೆ ಕೇಳಿದೆ.

‘ಬಾಯಾರಿರೋನ್ಗೆ’ ಎಂದು ಎದ್ದುಹೋದಳು.

ಅವನು ಯಾರೆಂಬುದು ತಿಳಿದದ್ದು 1980ರ ಮಳೆಗಾಲದಲ್ಲಿ. ನನಗಾಗ ಹನ್ನೆರಡು ವರ್ಷ. ಊರಿನ ಕೆಲವು ಮನೆಗಳಲ್ಲಿ ವಾಂತಿ-ಭೇದಿ ಕಾಣಿಸಿಕೊಂಡಿತ್ತು. ಆರೋಗ್ಯ ಇಲಾಖೆಯ ನರ್ಸಮ್ಮ ಒಬ್ಬರು ಬಂದು, ಹೆಂಗಸರನ್ನು ನಮ್ಮ ಜಗಲಿಯಲ್ಲಿ ಕೂಡಿಸಿ ಮಾತಾಡಿದರು. ಒಂದು ಲೀಟರು ಹಿಡಿಯುವ ಚೊಂಬು, ಕಾಯಿಸಿ ಆರಿಸಿದ ನೀರು, ಸಕ್ಕರೆ, ಉಪ್ಪು ಮುಂದಿಟ್ಟುಕೊಂಡು ಕಲಸಿ ತೋರಿಸಿದರು. ‘ಮೊದಲು ನೀವೇ ಒಂದು ತೊಟ್ಟು ನಾಲಗೆಗೆ ಬಿಟ್ಕೊಂಡು ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ರೆ ಚೆಲ್ಲಿ, ಬೇರೆ ಮಾಡಿ’ ಎಂದರು. ಕೊನೆಗೆ, ‘ಭೇದಿ ಆಗ್ತಿರೋ ಮಗುಗೆ ನೀರು ನಿಲ್ಲಿಸ್ಬೇಡಿ. ಒಳಗಿನ ನೀರೆಲ್ಲ ಬತ್ತಿ ಹೋಗೋದ್ರಿಂದಲೇ ಮಗು ಸಾಯೋದು’ ಎಂದರು.

ಗೋಡೆಗೆ ಒರಗಿ ಕುಳಿತಿದ್ದ ಅಜ್ಜಿ ಎದ್ದು ನಿಂತಳು. ‘ಅಂಗಾರೆ ಅವತ್ತು ನಾನು ನೀರು ಕೊಟ್ಟಿದ್ರೆ ನನ್ ಮೊಗ ಉಳ್ಕೊತಿತ್ತಾ ತಾಯಿ?’

ಅಲ್ಲಿದ್ದ ಹಿರಿಯ ಹೆಂಗಸರೆಲ್ಲ ತಲೆ ತಗ್ಗಿಸಿದರು. ಅವರಿಗೆ ಗೊತ್ತಿತ್ತು. ಅಜ್ಜಿಯ ಚೊಚ್ಚಲ ಮಗ, ನನಗೆ ದೊಡ್ಡಪ್ಪನಾಗಬೇಕಾಗಿದ್ದವನು, 1945ರಲ್ಲಿ ನಾಲ್ಕು ವರ್ಷದವನಿದ್ದಾಗ ಭೇದಿಯಿಂದ ತೀರಿಕೊಂಡಿದ್ದ. ಎರಡು ದಿನ ‘ಅವ್ವಾ, ನೀರು’ ಎಂದು ಕೇಳಿದ್ದನಂತೆ. ಕೊಟ್ಟರೆ ಹೆಚ್ಚಾಗುತ್ತದೆ ಎಂದು ಹಿರಿಯರು ತಡೆದಿದ್ದರು. ಅಜ್ಜಿ ಒದ್ದೆ ಬಟ್ಟೆಯಿಂದ ಅವನ ತುಟಿ ಮಾತ್ರ ಒರೆಸಿದ್ದಳು. ವಿಶ್ವೇಶ್ವರಯ್ಯ ನಾಲೆಯಿಂದ ಮಂಡ್ಯ ಸೀಮೆಯ ಗದ್ದೆಗಳಿಗೆ ನೀರು ಹರಿದು ಹತ್ತು ವರ್ಷಕ್ಕೂ ಹೆಚ್ಚಾಗಿದ್ದ ಕಾಲ ಅದು.

ನರ್ಸಮ್ಮ ಸುಳ್ಳು ಹೇಳಬಹುದಿತ್ತು. ‘ಅದು ಬೇರೆ ಕಾಯಿಲೆ ಇರಬೇಕಜ್ಜಿ’ ಎಂದುಬಿಡಬಹುದಿತ್ತು. ಆಕೆ ಬಂದು ಅಜ್ಜಿಯ ಕೈ ಹಿಡಿದುಕೊಂಡು, ‘ಉಳೀಬೋದಿತ್ತು ಕಣಜ್ಜಿ’ ಎಂದರು.

ಆ ರಾತ್ರಿ ಅಜ್ಜಿ ಊಟ ಮಾಡಲಿಲ್ಲ. ಬೆಳಿಗ್ಗೆ ನನ್ನನ್ನು ಎಬ್ಬಿಸಿ ಕೇಳಿದಳು: ‘ಲೋ ಮೊಗ, ಆ ನರ್ಸಮ್ಮ ಏಳಿದ್ದ ಇನ್ನೊಂದ್ಸಲ ಏಳ್ಲಾ. ಸಕ್ರೆ ಎಷ್ಟು? ಉಪ್ಪು ಎಷ್ಟು?’

ಅದೇ ಮಳೆಗಾಲದ ಒಂದು ರಾತ್ರಿ

ಹದಿನೈದು ದಿನವೂ ಆಗಿರಲಿಲ್ಲ. ಜೊತೆಗಾತಿಯ ಮೊಮ್ಮಗನಿಗೆ ಸಂಜೆಯಿಂದ ಭೇದಿ. ಜೋರು ಮಳೆ, ರಾತ್ರಿಯಲ್ಲಿ ಗಾಡಿ ಕಟ್ಟಿ ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಅಜ್ಜಿ ಚೊಂಬು ಹಿಡಿದು ಹೊರಟಳು, ನಾನು ಲಾಟೀನು ಹಿಡಿದೆ. ಮಗು ಸುಸ್ತಾಗಿ ಮಲಗಿತ್ತು, ಕಣ್ಣು ಗುಳಿ ಬಿದ್ದಿದ್ದವು. ಅಳುತ್ತಿದ್ದರೂ ಕಣ್ಣೀರು ಬರುತ್ತಿರಲಿಲ್ಲ. ಅಜ್ಜಿ ಚೊಂಬು ಕೆಳಗಿಟ್ಟದ್ದೇ ತಡ, ಜೊತೆಗಾತಿ ಅಡ್ಡ ಬಂದಳು. ಹೆದರಿಕೆಯಲ್ಲಿ ಮನುಷ್ಯರು ಏನೇನೋ ಆಡುತ್ತಾರೆ.

‘ನಿನ್ ಮೊಗಕ್ಕೆ ನೀನೇ ಕೊಡ್ನಿಲ್ಲ. ಈಗ ನಮ್ ಮೊಗಕ್ಕೆ ಕುಡ್ಸಕ್ಕೆ ಬಂದಿದ್ದೀಯಾ?’

ಲಾಟೀನು ಹಿಡಿದಿದ್ದ ನನ್ನ ಕೈ ನಡುಗಿತು. ಅಜ್ಜಿ ಮಾತ್ರ ಅಲ್ಲಾಡಲಿಲ್ಲ. ‘ಕೊಡ್ನಿಲ್ಲ ಕನಮ್ಮಿ. ಅದಕ್ಕೇ ಬಂದಿರೋದು’ ಎಂದಳು.

ಜೊತೆಗಾತಿ ಪಕ್ಕಕ್ಕೆ ಸರಿದಳು. ಅಜ್ಜಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಲ್ಲಿ ಕುಡಿಸತೊಡಗಿದಳು. ಒಂದು ಚಮಚ, ಸ್ವಲ್ಪ ಬಿಟ್ಟು ಇನ್ನೊಂದು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ನಿಧಾನವಾಗಿ ಶುರು. ನಾನು ನಡುನಡುವೆ ತೂಕಡಿಸುತ್ತಿದ್ದೆ. ಎಚ್ಚರವಾದಾಗಲೆಲ್ಲ ಅಜ್ಜಿಯ ಕೈ ಮಗುವಿನ ಬಾಯ ಹತ್ತಿರವೇ ಇತ್ತು. ಬೆಳಗಿನ ಜಾವ ಅವಳ ಕೂಗಿಗೆ ಮನೆಯವರೆಲ್ಲ ಎದ್ದು ಕುಳಿತೆವು: ‘ಮೊಗ ಉಚ್ಚೆ ಉಯ್ತು ಕನ್ರಮ್ಮಿ!’ ಅವಳ ಸೀರೆ ಒದ್ದೆಯಾಗಿತ್ತು. ಅವಳನ್ನು ಅಷ್ಟು ಸಂತೋಷವಾಗಿ ನಾನು ನೋಡಿದ್ದು ಕಡಿಮೆ. ಒಳಗಿನ ನೀರು ಬತ್ತಿದಾಗ ಮೂತ್ರಪಿಂಡಗಳು ಇರುವ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಮೂತ್ರ ಬಂದರೆ ಮಗು ಚೇತರಿಸಿಕೊಳ್ಳುತ್ತಿದೆ ಎಂಬುದರ ಗುರುತು ಎಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ.

ಬೆಳಗಾದ ಮೇಲೆ ಗಾಡಿ ಕಟ್ಟಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ದರು. ಆ ಮಗು ಬದುಕಿತು. ಅವನಿಗೆ ಈಗ ಮಕ್ಕಳಿದ್ದಾರೆ.

ಸಕ್ಕರೆಯ ಕೆಲಸವೇನು?

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬೇಕು. ಹೋಗುತ್ತಿರುವುದು ನೀರು ಮತ್ತು ಉಪ್ಪು. ಅವನ್ನು ತುಂಬಿದರೆ ಸಾಲದೆ? ಸಕ್ಕರೆ ಏಕೆ?

ಭೇದಿಯಾದಾಗ ಬರೀ ಉಪ್ಪುನೀರನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಸಣ್ಣ ಕರುಳಿನ ಗೋಡೆಯ ಜೀವಕೋಶಗಳಲ್ಲಿ ಒಂದು ವಿಶೇಷ ಪ್ರೋಟೀನು ಇದೆ. ಅದು ಗ್ಲೂಕೋಸನ್ನೂ ಉಪ್ಪಿನಲ್ಲಿರುವ ಸೋಡಿಯಮ್ಮನ್ನೂ ಜೋಡಿಯಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ಅವು ಹೋದಲ್ಲಿಗೆ ನೀರೂ ಹಿಂದೆಯೇ ಹೋಗುತ್ತದೆ. ಕಾಲರಾದಂಥ ರೋಗದಲ್ಲೂ ಈ ದಾರಿ ಮುಚ್ಚುವುದಿಲ್ಲ. ಇಂಥದೊಂದು ಜೋಡಿ ಸಾಗಣೆಯಿದೆ ಎಂಬುದನ್ನು ಅಮೆರಿಕದ ರಾಬರ್ಟ್ ಕ್ರೇನ್ 1960ರಲ್ಲಿ ಸೂಚಿಸಿದರು.

ಇದು ಪುಸ್ತಕದಿಂದ ನೆಲಕ್ಕೆ ಇಳಿದದ್ದು 1971ರಲ್ಲಿ. ಬಾಂಗ್ಲಾದೇಶದ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇರಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರವರೆಗೆ ಇದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಇದು ಈ ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಮುನ್ನಡೆ ಆಗಬಹುದು ಎಂದು ‘ಲ್ಯಾನ್ಸೆಟ್’ ಪತ್ರಿಕೆ 1978ರಲ್ಲಿ ಬರೆಯಿತು. 2022ರಲ್ಲಿ ತೀರಿಕೊಂಡ ಮಹಲನಬೀಸ್ ಅವರಿಗೆ ಮರಣಾನಂತರ, 2023ರಲ್ಲಿ, ಪದ್ಮವಿಭೂಷಣ ಬಂತು.

ಇಲ್ಲಿ ನನ್ನ ಒಂದು ತಪ್ಪನ್ನೂ ಹೇಳಿಕೊಳ್ಳಬೇಕು. ಬಿ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ. ಮನೆಯಲ್ಲಿ ಸಕ್ಕರೆ ಇರಲಿಲ್ಲವೆಂದು ಅಜ್ಜಿ ಯಾರದೋ ಮಗುವಿಗೆ ತೆಳ್ಳಗಿನ ಅಕ್ಕಿ ಗಂಜಿಗೆ ಚಿಟಿಕೆ ಉಪ್ಪು ಹಾಕಿ ಕುಡಿಸುತ್ತಿದ್ದಳು. ‘ಅದ್ರಲ್ಲಿ ಗ್ಲೂಕೋಸ್ ಇಲ್ಲಜ್ಜಿ, ಬರೀ ಪಿಷ್ಟ’ ಎಂದು ಎಲ್ಲರ ಮುಂದೆ ಗದರಿದೆ. ಅವಳು ಸುಮ್ಮನಾದಳು. ಪಿಷ್ಟವೆಂದರೆ ಗ್ಲೂಕೋಸಿನ ಸರಪಳಿಯೇ. ಕರುಳಿನಲ್ಲಿ ಅದು ತುಂಡಾಗಿ ಗ್ಲೂಕೋಸೇ ಆಗುತ್ತದೆ. ಡಿಗ್ರಿಗಾಗಿ ಓದಿದ ಪಾಠವದು, ಬೇಕಾದಾಗ ನೆನಪಿಗೆ ಬರಲಿಲ್ಲ. ಅಕ್ಕಿ ಹಿಟ್ಟಿನಿಂದ ಮಾಡಿದ ಉಪ್ಪಿನ ಗಂಜಿ ಚೆನ್ನಾಗಿ ಕೆಲಸ ಮಾಡುತ್ತದೆಂದು ಢಾಕಾದ ಸಂಶೋಧಕರು 1980ರ ದಶಕದಲ್ಲೇ ತೋರಿಸಿದ್ದರು. ಅದನ್ನು ಓದಿದ ದಿನ ಅಜ್ಜಿಯ ಬಳಿ ಹೋಗಿ, ‘ಅವತ್ತು ನೀನು ಹೇಳಿದ್ದೇ ಸರಿ’ ಎಂದೆ. ‘ಆಗ್ಲಿ ಬುಡು. ತಿಳ್ಕಂಡ್ಯಲ್ಲ, ಸಾಕು’ ಎಂದಳು.

ವಿಯೆನ್ನಾದ ವೈದ್ಯರು ಮತ್ತು ನನ್ನ ಅಜ್ಜಿ

ಮೇಷ್ಟ್ರಾದ ಮೇಲೆ ಸೆಮ್ಮೆಲ್‌ವೈಸ್‌ನ ಕಥೆಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ, ವೈದ್ಯರು ಹೆರಿಗೆ ಮಾಡಿಸುತ್ತಿದ್ದ ವಿಭಾಗದಲ್ಲಿ, ಹತ್ತಕ್ಕೆ ಒಬ್ಬಳಂತೆ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಶವ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆಗೆ ಬರುವುದು ಇದಕ್ಕೆ ಕಾರಣವೆಂದು ಸೆಮ್ಮೆಲ್‌ವೈಸ್ 1847ರಲ್ಲಿ ಗುರುತಿಸಿ, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ. ಸಾವು ನೂರಕ್ಕೆ ಒಂದೆರಡಕ್ಕೆ ಇಳಿಯಿತು. ಆದರೂ ಅನೇಕ ದೊಡ್ಡ ವೈದ್ಯರು ಒಪ್ಪಲಿಲ್ಲ. ಕಾರಣಗಳು ಹಲವಿದ್ದವು. ಒಂದು ಕಾರಣ ಮಾತ್ರ ನಮಗೆಲ್ಲ ಅರ್ಥವಾಗುವಂಥದು: ಅದನ್ನು ಒಪ್ಪಿದರೆ, ಇಷ್ಟು ದಿನ ಆ ತಾಯಂದಿರನ್ನು ಕೊಂದದ್ದು ತಮ್ಮದೇ ಕೈ ಎಂದು ಒಪ್ಪಬೇಕಾಗುತ್ತಿತ್ತು. ಸೆಮ್ಮೆಲ್‌ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ.

ಓದಿ ಬರೆದ ದೊಡ್ಡವರಿಗೆ ಕಷ್ಟವಾದ ಕೆಲಸವನ್ನು ಅಕ್ಷರ ಬಾರದ ನನ್ನ ಅಜ್ಜಿ ಒಂದು ರಾತ್ರಿಯ ಉಪವಾಸದಲ್ಲಿ ಮಾಡಿದಳು. ನರ್ಸಮ್ಮನ ಮಾತನ್ನು ಅವಳು ನಂಬದೆ ಇರಬಹುದಾಗಿತ್ತು. ನಂಬದಿದ್ದರೆ ಅವಳ ಮನಸ್ಸಿಗೆ ನೆಮ್ಮದಿ ಇರುತ್ತಿತ್ತು. ಮಗನನ್ನು ದೇವರು ಕರೆದುಕೊಂಡ ಎಂದುಕೊಂಡೇ ಉಳಿದ ಆಯಸ್ಸು ಕಳೆಯಬಹುದಿತ್ತು. ಅವಳು ಆ ನೆಮ್ಮದಿಯನ್ನು ಬಿಟ್ಟುಕೊಟ್ಟು, ಬೇರೆಯವರ ಮಕ್ಕಳಿಗಾಗಿ ಚೊಂಬು ಹಿಡಿದಳು. ಅವಳಿಗೆ ತನ್ನವರ ಮೇಲಿದ್ದ ಪ್ರೀತಿ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದು ಅವಳು ಮಾಡಿದ ಅಡುಗೆಯಿಂದಲ್ಲ, ಈ ಒಂದು ಒಪ್ಪಿಗೆಯಿಂದ.

ಇಂಥ ಅಜ್ಜಿಯರಲ್ಲಿ ಒಬ್ಬಿಬ್ಬರಿಗೆ ಮಾತ್ರ ಹೆಸರು ಬರುತ್ತದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಏಳು ದಶಕಗಳ ಕಾಲ ಒಂದು ಕಾಸೂ ತೆಗೆದುಕೊಳ್ಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆನ್ನುತ್ತಾರೆ. ಆ ವಿದ್ಯೆ ಅವರಿಗೆ ಬಂದದ್ದು ಅವರ ಅಜ್ಜಿಯಿಂದ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಪತ್ರಿಕೆಯಲ್ಲಿ ಅವರ ಚಿತ್ರ ನೋಡಿದ ದಿನ ನನಗೆ ನಮ್ಮ ಬೀದಿಯ ಎಷ್ಟೋ ಮುಖಗಳು ನೆನಪಾದವು.

ತಾಯ್ತಂದೆಯರಿಗೆ ಎರಡು ಮಾತು

ಭೇದಿ ಹಳೆಯ ಕಾಲದ ಮಾತೆಂದು ತಿಳಿಯಬೇಡಿ. ಇಂದಿಗೂ ಪ್ರಪಂಚದಲ್ಲಿ ವರ್ಷಕ್ಕೆ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಇದರಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಓಆರ್‌ಎಸ್ ಪೊಟ್ಟಣವನ್ನು ಮನೆಯಲ್ಲಿ ಇಟ್ಟುಕೊಂಡಿರಿ. ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಬೆರೆಸಿ. ಅದಿಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ. ಮಾಡಿದ ನೀರನ್ನು 24 ಗಂಟೆಯ ಮೇಲೆ ಇಡಬೇಡಿ. ಮೊಲೆಹಾಲು ಕುಡಿಯುವ ಮಗುವಿಗೆ ಅದನ್ನು ನಿಲ್ಲಿಸಬೇಡಿ, ದೊಡ್ಡ ಮಗುವಿಗೆ ಊಟ ನಿಲ್ಲಿಸಬೇಡಿ. ಸತುವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ಕೊಡಿ. ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಕುಡಿಸುತ್ತಿರಿ.

ಎರಡನೆಯ ಮಾತು ಇನ್ನೂ ಸಣ್ಣದು. ಮಕ್ಕಳ ಮುಂದೆ ‘ನಾನು ತಿಳಿದುಕೊಂಡಿದ್ದು ತಪ್ಪು’ ಎಂದು ವರ್ಷಕ್ಕೆ ಒಮ್ಮೆಯಾದರೂ ಹೇಳಿ. ಶಾಲೆಯ ಪ್ರಯೋಗಾಲಯದಲ್ಲಿ ನಾವು ಕಲಿಸಲಾರದ ವಿಜ್ಞಾನವದು.

ಅಜ್ಜಿ 1997ರಲ್ಲಿ ತೀರಿಕೊಂಡಳು. ಕೊನೆಯ ವಾರ ಅವಳಿಗೆ ನುಂಗುವುದು ಕಷ್ಟವಾಗಿತ್ತು. ಜೊತೆಗಾತಿ ದಿನವೂ ಬಂದು ತಲೆದೆಸೆಯಲ್ಲಿ ಕುಳಿತು ಚಮಚದಲ್ಲಿ ನೀರು ಕುಡಿಸುತ್ತಿದ್ದಳು. ಒಂದು ಚಮಚ, ಸ್ವಲ್ಪ ಬಿಟ್ಟು ಇನ್ನೊಂದು. ಇಬ್ಬರೂ ಏನೂ ಮಾತಾಡುತ್ತಿರಲಿಲ್ಲ.

ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಈಗಲೂ ಎಡೆ ಇಡುತ್ತೇವೆ. ಅಜ್ಜಿಯ ಎಲೆಗೆ ಹಿತಕಿದ ಬೇಳೆಯ ಸಾರು ಬಡಿಸುತ್ತೇವೆ. ಅದು ಅವರೆಯ ಕಾಲವಲ್ಲವಾದ್ದರಿಂದ ನನ್ನ ಹೆಂಡತಿ ಕಾಳನ್ನು ಒಣಗಿಸಿ ಇಟ್ಟಿರುತ್ತಾಳೆ. ಗೋಡೆಯ ಪಕ್ಕದಲ್ಲಿದ್ದ ಚೊಂಬನ್ನು ನಾನು ಅಜ್ಜಿಯ ಎಲೆಯ ಪಕ್ಕಕ್ಕೆ ತಂದಿಟ್ಟಿದ್ದೇನೆ.

ವಿದ್ಯಾರ್ಥಿಗಳಿಗೆ ಈ ವಾರದ ಮನೆಗೆಲಸ: ನಿಮ್ಮ ಅಜ್ಜಿಯನ್ನೋ ಬೀದಿಯ ಯಾವುದಾದರೂ ಅಜ್ಜಿಯನ್ನೋ ಕೇಳಿ, ‘ಮೊದಲು ನಂಬಿದ್ದು, ಆಮೇಲೆ ಬಿಟ್ಟದ್ದು ಯಾವುದಾದರೂ ಇದೆಯಾ ಅಜ್ಜಿ?’ ಎಂದು. ಅವರು ಹೇಳಲು ಹೊತ್ತು ತೆಗೆದುಕೊಂಡರೆ ಅವಸರಪಡಿಸಬೇಡಿ. ಪಕ್ಕದಲ್ಲಿ ಕುಳಿತಿರಿ. ಸಾಧ್ಯವಾದರೆ ಒಂದು ಚೊಂಬು ನೀರು ತಂದುಕೊಡಿ.